ಹುಳಿತೇಗು ಮತ್ತು ನಡೆದಾಡುವ ನಿಂಬೆಹಣ್ಣು

ಕಾಯಿಲೆಗಳಲ್ಲೂ ಮರ್ಯಾದಸ್ಥ ಕಾಯಿಲೆ, ಮರ್ಯಾದೆಯಿಲ್ಲದ ಕಾಯಿಲೆ ಎಂದು ಎರಡು ಬಗೆ ಇವೆ. ಒಬ್ಬರಿಗೆ ಹೃದಯದ ತೊಂದರೆ ಎಂದರೆ ಮನೆಯವರೆಲ್ಲ ಪಿಸುಮಾತಿಗೆ ಇಳಿಯುತ್ತಾರೆ, ನೋಡಲು ಬಂದವರು ಕಿತ್ತಳೆಹಣ್ಣು ತರುತ್ತಾರೆ. ರಕ್ತದೊತ್ತಡ ಎಂದರೆ, ಪಾಪ, ಎಷ್ಟು ಜವಾಬ್ದಾರಿ ಹೊತ್ತಿದ್ದಾರೋ ಎಂದು ಮರುಗುತ್ತಾರೆ. ಟೈಫಾಯಿಡ್ ಆಗಿ ಎದ್ದವನ ಮಾತನ್ನು ವರ್ಷಗಟ್ಟಲೆ ಯಾರೂ ಮಧ್ಯೆ ತಡೆಯುವುದಿಲ್ಲ. ಆದರೆ ನನಗೆ ಹುಳಿತೇಗು ಎಂದು ಹೇಳಿ ನೋಡಿ. ಎದುರಿಗಿದ್ದವರು ಮೊದಲು ನಗುತ್ತಾರೆ, ಆಮೇಲೆ ತಮಗೂ ಇದೆ ಎನ್ನುತ್ತಾರೆ, ಕಡೆಗೆ ಜೀರಿಗೆ ಅಗಿಯಲು ಹೇಳಿ ಎದ್ದುಹೋಗುತ್ತಾರೆ. ಈ ಕಾಯಿಲೆಗೂ ಸಭ್ಯತೆ ಇಲ್ಲ. ಒಮ್ಮೆ ಎಂಜಿನಿಯರ್ ಸಾಹೇಬರು ಕೆರೆ ಏರಿಯ ಮೇಲೆ ನಿಂತು, "ಏನಯ್ಯ, ಈ ಕೆಲಸ ಯಾವಾಗ ಮುಗಿಯುತ್ತೆ?" ಎಂದು ಗದರಿದಾಗ ನನ್ನ ಬಾಯಿಂದ ಉತ್ತರಕ್ಕೆ ಮುಂಚೆ ಒಂದು ಉದ್ದನೆಯ ತೇಗು ಹೊರಟಿತು. ಸಾಹೇಬರು ಅದನ್ನೇ ಉತ್ತರವೆಂದು ತಿಳಿದು ಜೀಪು ಹತ್ತಿ ಹೋದರು. ಅವತ್ತಿನಿಂದ ನನ್ನ ಬಡ್ತಿಯ ವಿಷಯ ಯಾರೂ ಎತ್ತಲಿಲ್ಲ.

ಆಗ ನಾನು ಯಲಹಂಕದ ಕಡೆ ಕೆರೆ ಕಾಲುವೆಗಳ ಕೆಲಸದಲ್ಲಿ ಓವರ್ಸಿಯರ್ ಆಗಿದ್ದೆ. ನಾಲ್ಕೈದು ವರ್ಷದ ಹಿಂದಿನ ಮಾತು; ಆಣೆ ಹೋಗಿ ನಯಾಪೈಸೆ ಬಂದ ಹೊಸತು. ಮೂರು ಕಾಲಿನ ಮೇಲೆ ಒಂದು ದುರ್ಬೀನು ಕೂರಿಸಿ, ದೂರದಲ್ಲಿ ನನ್ನ ಕೈಕೆಳಗಿನ ಖಲಾಸಿ ನೆಟ್ಟಗೆ ಹಿಡಿದು ನಿಂತ ಅಳತೆಯ ಹಲಗೆಯನ್ನು ಅದರೊಳಗಿಂದ ನೋಡಿ, ಯಾವ ನೆಲ ಎತ್ತರ, ಯಾವುದು ತಗ್ಗು, ನೀರು ಯಾವ ಕಡೆಗೆ ಹರಿಯುತ್ತದೆ ಎಂದು ಹೇಳುವುದು ನನ್ನ ಹೊಟ್ಟೆಪಾಡು. ಜಕ್ಕೂರು ಕೆರೆಯಿಂದ ರಾಜಾನುಕುಂಟೆಯವರೆಗೆ ನಾನು ಮಟ್ಟ ನೋಡದ ಬದುವಿರಲಿಲ್ಲ. ಜಕ್ಕೂರಿನಲ್ಲಿ ತಲೆಯ ಮೇಲೆ ಪುಟ್ಟ ವಿಮಾನಗಳು ಹಾರಾಟ ಕಲಿಯುತ್ತಿದ್ದರೆ ನಾನು ಕೆಳಗೆ ನೆಲ ನೋಡುತ್ತಿದ್ದೆ. ರೈತರು ನನ್ನ ಸುತ್ತ ನಿಂತು, "ಸ್ವಾಮಿ, ನಮ್ ಒಲಕ್ಕೆ ನೀರು ಅತ್ತಾಕಿಲ್ಲ ಅಂದ್ರೆ ಎಂಗೆ?" ಎಂದು ಜಗಳ ತೆಗೆಯುತ್ತಿದ್ದರು. ನಾನು ದುರ್ಬೀನಿನ ಕಡೆ ನೋಡದೆ, ಬರಿಯ ಕಣ್ಣಿನಿಂದಲೇ, "ಇಲ್ಲಿಂದ ಅಲ್ಲಿಗೆ ಒಂದು ಗೇಣು ಏರು ಇದೆ, ಹತ್ತಲ್ಲ" ಎನ್ನುತ್ತಿದ್ದೆ. ಆಮೇಲೆ ಅಳೆದರೆ ಹೆಚ್ಚು ಕಡಿಮೆ ಅಷ್ಟೇ ಬರುತ್ತಿತ್ತು. ನಂಜಪ್ಪನವರ ಕಣ್ಣಲ್ಲೇ ಮಟ್ಟ ಇದೆ ಎಂದು ಸುತ್ತಮುತ್ತ ಹೆಸರಾಗಿತ್ತು, ನಾನೂ ಅದನ್ನು ನಂಬಿದ್ದೆ.

ನಮ್ಮ ಮನೆ ಹಳೆಯ ಯಲಹಂಕದಲ್ಲಿ, ರೈಲಿನ ಕಂಬಿಗೆ ಎಷ್ಟು ಹತ್ತಿರ ಎಂದರೆ ಗೂಡ್ಸ್ ಗಾಡಿ ಹೋದಾಗ ಚೊಂಬಿನ ಮೇಲಿನ ಲೋಟ ತಾಳ ಹಾಕುತ್ತದೆ. ತಲೆತಲಾಂತರದಿಂದ ಬೇಸಾಯದ ಮನೆ. ನನ್ನ ಮದುವೆ ಗೊತ್ತಾದಾಗ ಹೊಸ ದಂಪತಿಗಳಿಗೆ ಒಂದು ಕೋಣೆ ಬೇಕಾಯಿತು. ನಮ್ಮಪ್ಪ ಬಹಳ ಯೋಚನೆ ಮಾಡದೆ, ನಡುಮನೆಗೆ ಅಂಟಿಕೊಂಡಿದ್ದ ಕೊಟ್ಟಿಗೆಯಿಂದ ಹಸುಗಳನ್ನು ಹಿತ್ತಲಿಗೆ ಸಾಗಿಸಿ, ಗೋಡೆಗೆ ಸುಣ್ಣ ಹೊಡೆಸಿ, ಚಪ್ಪಡಿಯ ಮೇಲೆ ಕೆಂಪು ಗಾರೆ ಎಳೆಸಿ, ಮೂಲೆಯಲ್ಲಿದ್ದ ತೂತಿಗೆ ಇಟ್ಟಿಗೆ ಮೆತ್ತಿಸಿ ನಮಗೆ ಬಿಟ್ಟುಕೊಟ್ಟ. ಹಸುಗಳು ಹುಲ್ಲು ತಿನ್ನುತ್ತಿದ್ದ ಗೋದಲಿ ಮಾತ್ರ ಉತ್ತರದ ಗೋಡೆಗೆ ಹಾಗೇ ಉಳಿಯಿತು. ಅದರ ಮೇಲೆ ಹಲಗೆ ಹೊದಿಸಿ ನಾನು ನಕ್ಷೆಗಳನ್ನೂ ದುರ್ಬೀನಿನ ಪೆಟ್ಟಿಗೆಯನ್ನೂ ಇಟ್ಟುಕೊಂಡೆ. ಮಾವನ ಮನೆಯವರು ಯಶವಂತಪುರದಿಂದ ಎತ್ತಿನ ಗಾಡಿಯಲ್ಲಿ ಒಂದು ಹೊನ್ನೆಮರದ ಮಂಚ ಕಳಿಸಿದರು. ಅದು ಒಳಗೆ ಹೋಗಲು ಬಾಗಿಲಿನ ಚೌಕಟ್ಟು ಬಿಚ್ಚಬೇಕಾಯಿತು. ಒಳಗೆ ಹೋದ ಮೇಲೆ ತಿರುಗಿಸಲು ಜಾಗವಿಲ್ಲ, ತೆಂಕಣ ಬಡಗಣವಾಗಿ ಕೂತುಬಿಟ್ಟಿತು. ಉತ್ತರಕ್ಕೆ ತಲೆ ಹಾಕಿ ಮಲಗುವುದನ್ನು ನಮ್ಮ ಅವ್ವ ಈ ಜನ್ಮದಲ್ಲಿ ಒಪ್ಪುವವಳಲ್ಲ. ಹೀಗಾಗಿ ಹಸುಗಳ ಬಾಲವಿದ್ದ ಕಡೆ ನನ್ನ ತಲೆ, ಹಸುಗಳ ತಲೆಯಿದ್ದ ಕಡೆ ನನ್ನ ಕಾಲು, ಅಂತೂ ಸಂಸಾರ ಶುರುವಾಯಿತು.

ಸಂಸಾರದ ಜೊತೆಗೇ ಎದೆಯುರಿಯೂ ಶುರುವಾಯಿತು. ಮದುವೆಯ ಹೊಸದರಲ್ಲಿ ಎದೆಯಲ್ಲಿ ಏನೋ ಆಗುವುದು ಸಹಜವೆಂದು ನಾನು ಮೊದಲು ಗಮನ ಕೊಡಲಿಲ್ಲ. ಆರು ತಿಂಗಳಾದರೂ ಅದು ಕಡಿಮೆಯಾಗದೆ, ಬೆಳಗಿನ ಜಾವ ಗಂಟಲಿಗೆ ಹುಳಿನೀರು ಬರತೊಡಗಿದಾಗ ಇದು ಬೇರೆ ವಿಷಯವೆಂದು ಗೊತ್ತಾಯಿತು. ಅವ್ವನಿಗೆ ಮಾತ್ರ ಮೊದಲ ದಿನದಿಂದಲೇ ಗೊತ್ತಿತ್ತು. "ಮದ್ವೇಗ್ ಮುಂಚೆ ನನ್ ಮಗ ಕಲ್ ತಿಂದ್ರೂ ಅರಗಿಸ್ಕೊಂತಿದ್ದ. ಈಗ ನೀರ್ ಕುಡುದ್ರೂ ತೇಗ್ತಾನೆ" ಎಂದು ಬಾವಿಕಟ್ಟೆಯಲ್ಲಿ ಹೇಳುತ್ತಿದ್ದಳು. ಯಾರ ಅಡುಗೆಯಿಂದ ಎಂದು ಬಿಡಿಸಿ ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ನನ್ನ ಹೆಂಡತಿ ಸರೋಜ ಸುಮ್ಮನಿರುವ ಹೆಣ್ಣಲ್ಲ. "ಅತ್ತೆ, ನೀವು ಸಾರಿಗೆ ಹಾಕೋ ಹುಣಿಸೆಹಣ್ಣಲ್ಲಿ ನಮ್ಮನೆ ತಾಮ್ರದ ಹಂಡೆ ಎಲ್ಲಾ ಫಳಫಳ ಅನ್ನುತ್ತೆ. ಇನ್ನು ಇವ್ರ ಹೊಟ್ಟೆ ಯಾವ ಲೆಕ್ಕ?" ಎನ್ನುತ್ತಿದ್ದಳು. ಇಬ್ಬರೂ ನಗುತ್ತಲೇ ಆಡುತ್ತಿದ್ದ ಮಾತು. ಆದರೆ ನಾನು ಊಟದ ಮಧ್ಯೆ ತೇಗಿದರೆ ಬಡಿಸುತ್ತಿದ್ದ ಸರೋಜಳ ಕೈ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿದ್ದುದನ್ನು ನಾನು ನೋಡಿದ್ದೆ. ವರ್ಷಗಳು ಕಳೆದಂತೆ ಅವಳು ಒಗ್ಗರಣೆಗೆ ಮೆಣಸಿನಕಾಯಿ ಬಿಟ್ಟಳು, ಆಮೇಲೆ ಹುಳಿ ಬಿಟ್ಟಳು, ಕೊನೆಗೆ ತವರಿನಿಂದ ಕಲಿತು ಬಂದಿದ್ದ ಕಾಯಿಹಾಲಿನ ಸಾರನ್ನೂ ಬಿಟ್ಟಳು. ನನ್ನ ತೇಗಿನ ಸದ್ದಿಗೆ ನಿದ್ದೆ ಬಾರದೆ ಚಾಪೆ ಎತ್ತಿಕೊಂಡು ನಡುಮನೆಗೆ ಹೋಗಿ ಮಕ್ಕಳ ಪಕ್ಕ ಮಲಗತೊಡಗಿದಳು. ಇಷ್ಟೆಲ್ಲ ಬಿಟ್ಟರೂ ತೇಗು ನನ್ನನ್ನು ಬಿಡಲಿಲ್ಲ.

ನಮ್ಮೂರಿನ ಡಾಕ್ಟರು ವಯಸ್ಸಾದವರು, ಊರಿನ ಎಲ್ಲರ ಹೊಟ್ಟೆಯ ಚರಿತ್ರೆಯೂ ಅವರಿಗೆ ಬಾಯಿಪಾಠ. ನನ್ನನ್ನು ಬೆಂಚಿನ ಮೇಲೆ ಮಲಗಿಸಿ ಒತ್ತಿ ನೋಡಿ, "ಅನ್ನನಾಳ ಹೊಟ್ಟೆಗೆ ಸೇರೋ ಕಡೆ ಒಂದು ಬಾಗಿಲಿರುತ್ತೆ ಕಣ್ರೀ, ನಿಮ್ಮ ಕೆರೆ ತೂಬಿನ ಹಾಗೆ. ನಿಮ್ಮದು ಸಡಿಲವಾಗಿದೆ. ಒಳಗಿನ ಹುಳಿ ಮೇಲಕ್ಕೆ ನುಗ್ಗುತ್ತೆ" ಎಂದರು.

"ಯಾವ ಕಂಟ್ರಾಕ್ಟರ್ ಕೆಲಸ ಸಾರ್ ಇದು?" ಎಂದೆ.

"ಅವನ ಹತ್ತಿರ ಈಗಲೇ ಹೋಗೋದು ಬೇಡ, ಇಲ್ಲೇ ರಿಪೇರಿ ಮಾಡೋಣ" ಎಂದು ನಕ್ಕು, ಬಿಳಿಯ ಮಿಕ್ಸ್ಚರ್ ಕೊಟ್ಟರು. ಮನೆಯಿಂದ ತೊಳೆದು ತಂದ ಸೀಸೆಗೆ ಕಾಂಪೌಂಡರ್ ಅದನ್ನು ಸುರಿದು, ಗುಟುಕಿನ ಗುರುತಿಗೆ ಕಚ್ಚು ಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿದ. ಅದರ ರುಚಿ ಗೋಡೆಗೆ ಹೊಡೆಯುವ ಸುಣ್ಣಕ್ಕೆ ಒಂದಿಷ್ಟು ಪುದೀನ ಹಾಕಿದಂತೆ ಇತ್ತು. ಅದರ ಜೊತೆಗೆ ಕಟ್ಟಳೆಗಳು. ಹುಳಿ ಕೂಡದು, ಖಾರ ಕೂಡದು, ಕಾಫಿ ಕೂಡದು, ಎಲೆ ಅಡಿಕೆ ಕೂಡದು. ಊಟ ಮಾಡಿ ಕೂಡಲೇ ಮಲಗಕೂಡದು. ಪ್ರತಿ ತುತ್ತನ್ನೂ ಚೆನ್ನಾಗಿ ಅಗಿದು ತಿನ್ನಬೇಕು.

ಈ ಕಡೆಯ ಕಟ್ಟಳೆಯನ್ನು ಕೊಟ್ಟವರು ಮುದ್ದೆ ಉಂಡವರಲ್ಲ ಎಂಬುದು ನನಗೆ ಮನೆಗೆ ಬಂದು ತಟ್ಟೆಯ ಮುಂದೆ ಕೂತಾಗ ಹೊಳೆಯಿತು. ಮುದ್ದೆಯನ್ನು ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ, ಗುಳುಂ ಎಂದು ನುಂಗುವುದು ನಮ್ಮ ಕಡೆಯ ಪದ್ಧತಿ. ಹಲ್ಲಿಗೂ ಮುದ್ದೆಗೂ ಪರಿಚಯವೇ ಇರಕೂಡದು. ನಾನು ಡಾಕ್ಟರ ಮಾತಿಗೆ ಕಟ್ಟುಬಿದ್ದು ಅಗಿಯತೊಡಗಿದೆ. ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಅಂಟಿಕೊಂಡಿತು, ನಾಲಿಗೆ ಮಧ್ಯೆ ಸಿಕ್ಕಿಕೊಂಡಿತು. ಅವ್ವ ಅದನ್ನು ಬಾಯಿ ತೆರೆದು ನೋಡಿದಳು. ಆಮೇಲೆ ಹಿತ್ತಲ ಬಾಗಿಲಿಗೆ ಓಡಿ, ಪಕ್ಕದ ಮನೆಯವಳನ್ನು, "ಬಾರೇ, ಬಾರೇ, ನನ್ ಮಗ ಮುದ್ದೆ ಅಗೀತಾವ್ನೆ!" ಎಂದು ಕೂಗಿ ಕರೆದಳು. ಇಬ್ಬರೂ ಬಾಗಿಲಲ್ಲಿ ನಿಂತು ನನ್ನ ದವಡೆಯನ್ನೇ ನೋಡುತ್ತಿದ್ದರೆ ಯಾವ ಗಂಡಸಿಗೆ ಊಟ ಸೇರೀತು? ಮರುದಿನದಿಂದ ನುಂಗುವುದಕ್ಕೇ ಮರಳಿದೆ.

ಡಾಕ್ಟರು ಹೇಳಿದ ಇನ್ನೊಂದು ಉಪಾಯವನ್ನು ಮಾತ್ರ ನಾನು ಚಾಚೂ ತಪ್ಪದೆ ನಡೆಸಿದೆ. "ಮಂಚದಲ್ಲಿ ನೀವು ತಲೆ ಇಡೋ ಕಡೆಯ ಎರಡು ಕಾಲಿಗೂ ಒಂದೊಂದು ದಪ್ಪ ಇಟ್ಟಿಗೆ ಕೊಡಿ. ತಲೆ ಮೇಲೆ, ಹೊಟ್ಟೆ ಕೆಳಗೆ ಇದ್ದರೆ ಹುಳಿ ಮೇಲಕ್ಕೆ ಬರಲ್ಲ. ನೀರು ಏರಿಗೆ ಹತ್ತುತ್ತೇನ್ರೀ? ಇದನ್ನ ನಿಮಗೆ ನಾನು ಹೇಳಿಕೊಡಬೇಕೆ?" ಎಂದಿದ್ದರು. ಎಷ್ಟು ಸರಿಯಾದ ಮಾತು ಎನ್ನಿಸಿತು. ಅವತ್ತು ಸಂಜೆಯೇ ದಕ್ಷಿಣದ ಕಡೆಯ ಕಾಲುಗಳಿಗೆ ಒಳ್ಳೆಯ ಸುಟ್ಟ ಇಟ್ಟಿಗೆ ಕೊಟ್ಟೆ. ಮಲಗಿ ನೋಡಿದರೆ ಹೊಸ ಸುಖ ಅನ್ನಿಸಿತು; ಮಹಾರಾಜನಂತೆ ಕೊಂಚ ಎತ್ತರದಲ್ಲಿ ತಲೆಯಿದೆ ಎಂದು ಭಾವಿಸಿಕೊಂಡೆ. ಒಂದು ತಿಂಗಳು ಕಳೆಯಿತು. ತೇಗು ಇದ್ದ ಹಾಗೇ ಇತ್ತು. ಡಾಕ್ಟರಿಗೆ ಆಶ್ಚರ್ಯವಾಯಿತು. "ಇಟ್ಟಿಗೆ ಕೊಟ್ಟೂ ಕಡಿಮೆಯಾಗಿಲ್ಲ ಅಂದ್ರೆ ಬಾಗಿಲು ಪೂರ್ತಿ ಕೆಟ್ಟಿರಬೇಕು" ಎಂದು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಅಲ್ಲಿ ನನಗೆ ಒಂದು ದೊಡ್ಡ ಲೋಟದ ತುಂಬ ಮತ್ತೆ ಸುಣ್ಣದಂಥದ್ದನ್ನೇ ಕುಡಿಸಿ ಎಕ್ಸ್‌ರೇ ತೆಗೆದರು. ಸರ್ಜನ್ನರು ವಿಲಾಯತಿಗೆ ಹೋಗಿ ಕಲಿತು ಬಂದ ಯುವಕರು. ಚಿತ್ರವನ್ನು ಬೆಳಕಿಗೆ ಹಿಡಿದು, ಹೊಟ್ಟೆಯ ಮೇಲ್ಭಾಗ ಒಂದಿಷ್ಟು ಎದೆಯ ಕಡೆಗೆ ಜಾರಿದೆ ಎಂದು ತೋರಿಸಿದರು. ನನಗೆ ಅದು ಮೋಡ ಕವಿದ ರಾತ್ರಿಯಂತೆ ಕಂಡಿತು, ಆದರೂ ತಲೆಯಾಡಿಸಿದೆ. "ಎರಡು ದಾರಿ ಇದೆ" ಎಂದರು ಅವರು. "ಜೀವನಪೂರ್ತಿ ಔಷಧಿ ಕುಡಿದುಕೊಂಡು ಹೀಗೇ ಇರಬಹುದು. ಇಲ್ಲ, ಆಪರೇಷನ್ ಮಾಡಿ ಜಾರಿದ್ದನ್ನು ಕೆಳಗೆಳೆದು ಬಿಗಿ ಮಾಡಬಹುದು. ದೊಡ್ಡ ಆಪರೇಷನ್, ಸುಳ್ಳು ಹೇಳಲ್ಲ. ಆದರೆ ಇಟ್ಟಿಗೆ, ಔಷಧಿ ಎರಡೂ ಸೋತಿವೆ ಅಂದ ಮೇಲೆ ಅದೇ ವಾಸಿ ಅಂತ ನನ್ನ ಅಭಿಪ್ರಾಯ." ಈ ಗುರುವಾರ ಬಿಟ್ಟು ಮುಂದಿನ ಗುರುವಾರ ಬಂದು ಸೇರಿಕೊಳ್ಳಿ ಎಂದು ಹೇಳಿ ಕಳಿಸಿದರು.

ಆ ಹತ್ತು ದಿನ ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ಬಸ್ಸಿನಲ್ಲಿ ಕೂತರೆ ಆಪರೇಷನ್ ಸರಿ ಎನ್ನಿಸುತ್ತಿತ್ತು, ಇಳಿದರೆ ಔಷಧಿ ಸರಿ ಎನ್ನಿಸುತ್ತಿತ್ತು. ಸೀಸೆ ನೋಡಿದರೆ, ಈ ಸುಣ್ಣವನ್ನು ಮುದುಕನಾಗುವವರೆಗೆ ಕುಡಿಯುವುದಕ್ಕಿಂತ ಒಂದೇ ಸಲ ಕೊಯ್ಯಿಸಿಕೊಂಡು ಹುಳಿಸಾರು ಸುರಿದುಕೊಂಡು ಉಣ್ಣುವುದೇ ಮೇಲು ಎನ್ನಿಸುತ್ತಿತ್ತು. ಮಲಗಿದ ಮಕ್ಕಳನ್ನು ನೋಡಿದರೆ ಸುಣ್ಣವೇ ಅಮೃತವಾಗುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು. ಒಳಗೆ ಹೋದವನು ಹೊರಗೆ ಬರದಿದ್ದರೆ ಎಂಬ ಒಂದೇ ಯೋಚನೆ ಎದೆಯುರಿಗಿಂತ ಹೆಚ್ಚು ಉರಿಯುತ್ತಿತ್ತು. ಸರೋಜಳನ್ನು ಕೇಳಿದೆ. ಅವಳು ಮೊದಲ ಸಲ ಹಾಸ್ಯ ಮಾಡದೆ, "ನಿಮ್ಗೆ ಹೇಗೆ ಸರಿ ಅನ್ನಿಸುತ್ತೋ ಹಾಗೆ ಮಾಡಿ. ನಾನು ಬೇಡ ಅಂದು, ಆಮೇಲೆ ಜಾಸ್ತಿಯಾದ್ರೆ, ಅದೂ ನನ್ ತಲೆಗೇ ಬರುತ್ತೆ" ಎಂದು ಒಳಗೆ ಹೋದಳು.

ಇಷ್ಟರಲ್ಲಿ ನೋಡಲು ಬರುವವರ ಸಾಲು ಹತ್ತಿತು. ನಮ್ಮ ಕಡೆ ಬ್ರೆಡ್ಡು ಎನ್ನುವುದು ತಿಂಡಿಯಲ್ಲ, ಕಾಯಿಲೆಯವರ ಆಹಾರ. ಯಾರಾದರೂ ಬ್ರೆಡ್ಡು ಹಿಡಿದು ನಿಮ್ಮ ಮನೆ ಕಡೆ ಬಂದರೆ ಬೀದಿಯವರಿಗೆಲ್ಲ ನಿಮ್ಮ ಸ್ಥಿತಿ ಗೊತ್ತಾಗುತ್ತದೆ. ಗೋದಲಿಯ ಮೇಲೆ ನಕ್ಷೆಗಳನ್ನು ಸರಿಸಿ ಬ್ರೆಡ್ಡಿನ ರಾಶಿ ಬೆಳೆಯಿತು. ರಾಜಾನುಕುಂಟೆಯಿಂದ ನಮ್ಮ ಸೋದರಮಾವನೂ ಎರಡು ಬ್ರೆಡ್ಡು ಹಿಡಿದು ಬಂದ. ಬಂದವನು ನನ್ನ ಪಕ್ಕ ಕೂತು ಧೈರ್ಯ ಹೇಳಿದ.

"ಎದ್ರುಕೋಬ್ಯಾಡ ಕಣ್ಲಾ ನಂಜ. ಒಟ್ಟೆ ಕುಯ್ದು, ಒಳಗಿಂದೆಲ್ಲಾ ತಟ್ಟೇಲಿ ಈಚೆಗ್ ಇಟ್ಟು, ತೊಳ್ದು, ತಿರ್ಗ ಒಳಕ್ ಇಟ್ಟು ಒಲೀತಾರೆ. ಅಷ್ಟೇಯ."

"ಮತ್ತೇನು ಭಯ?" ಎಂದೆ.

"ಏನಿಲ್ಲ. ತಿರ್ಗ ಇಡೋವಾಗ ಜಾಗ ಎಚ್ಚುಕಮ್ಮಿ ಆಗ್ಬಾರ್ದು, ನೋಡು" ಎಂದು ಹೇಳಿ, ತಾನೇ ತಂದ ಬ್ರೆಡ್ಡಿನಲ್ಲಿ ಎರಡು ಚೂರು ತಿಂದು ಎದ್ದ.

ಅವ್ವ ಆಪರೇಷನ್ ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಊರಮ್ಮನ ಗುಡಿಗೆ ಹೋಗಿ ಒಂದು ನಿಂಬೆಹಣ್ಣು ಮಂತ್ರಿಸಿಕೊಂಡು ಬಂದು, ಕುಂಕುಮ ಹಚ್ಚಿ, ನನ್ನ ಮಂಚದ ಕೆಳಗೆ ಕಾಲಿನ ಕಡೆ ನೆಲದ ಮೇಲೆ ಇಟ್ಟಳು. ಕೆಟ್ಟದ್ದು ಕಾಲಿನಿಂದ ಹತ್ತುತ್ತದೆ, ಅಲ್ಲೇ ತಡೆಯಬೇಕು ಎಂದು ಅವಳ ಲೆಕ್ಕ. ಡಾಕ್ಟರು ನನಗೆ ನಿಂಬೆಹಣ್ಣನ್ನು ಕಣ್ಣಿನಿಂದಲೂ ನೋಡಬೇಡ ಎಂದಿದ್ದರು. ಹೊಟ್ಟೆಗೆ ಬೇಡವಾದದ್ದು ಮಂಚದ ಕೆಳಗೆ ಕಾವಲು ಕೂತಿತು ಎಂದು ನಾನು ನಕ್ಕೆ. ಬೆಳಗಾಗೆದ್ದು ಅವ್ವ ಬಗ್ಗಿ ನೋಡಿದಾಗ ನಿಂಬೆಹಣ್ಣು ಕಾಲಿನ ಕಡೆ ಇರಲಿಲ್ಲ. ಸರಿಯಾಗಿ ನನ್ನ ತಲೆಯ ಕೆಳಗೆ, ಗೋಡೆಗೆ ಒರಗಿ ಕೂತಿತ್ತು.

"ಇಲಿ" ಎಂದೆ ನಾನು.

ಅವ್ವ ಅದನ್ನು ಎತ್ತಿ ಮತ್ತೆ ಕಾಲಿನ ಕಡೆ ಇಟ್ಟಳು. ಮರುದಿನ ಬೆಳಿಗ್ಗೆ ಅದು ಮತ್ತೆ ತಲೆಯ ಕೆಳಗೆ. ನಾನು ವಿದ್ಯಾವಂತನಾದ್ದರಿಂದ ಕೊಬ್ಬರಿ ಚೂರು ಸಿಕ್ಕಿಸಿ ಇಲಿಬೋನು ಇಟ್ಟೆ. ಬೋನಿಗೆ ಯಾರೂ ಬೀಳಲಿಲ್ಲ, ನಿಂಬೆಹಣ್ಣಿನ ಮೇಲೆ ಹಲ್ಲಿನ ಗುರುತೂ ಇಲ್ಲ, ಆದರೆ ಹಣ್ಣು ಮಾತ್ರ ನಡೆದುಕೊಂಡು ಬಂದು ನನ್ನ ತಲೆಯ ಕೆಳಗೆ ಕೂತಿತ್ತು. ಅವ್ವ ಹಣೆ ಚಚ್ಚಿಕೊಂಡಳು. "ಕಾಲಿಂದ ತಲೇಗ್ ಅತ್ತೈತೆ ಕಣೋ. ಆಸ್ಪತ್ರೆಗೆ ಓಗ್ಬ್ಯಾಡ ಅಂತ ಊರಮ್ಮ ಏಳ್ತಾವ್ಳೆ" ಎಂದಳು. ಪಕ್ಕದ ಮನೆಯವಳು ಮಾತ್ರ, ಬೇಗ ಹೋಗು ಎಂಬುದೇ ಅದರ ಅರ್ಥ ಎಂದಳು. ಬ್ರೆಡ್ಡು ತಂದವರೆಲ್ಲ ಈಗ ನನ್ನನ್ನು ಬಿಟ್ಟು ಮಂಚದ ಕೆಳಗೆ ಬಗ್ಗಿ ನೋಡತೊಡಗಿದರು. ನಾನು ಹೊರಗೆ ನಗುತ್ತಿದ್ದೆ. ಒಳಗೆ, ಇನ್ನು ಸುಳ್ಳೇಕೆ, ದೀಪ ಆರಿಸಿದ ಮೇಲೆ ಕಾಲು ಮಡಚಿಕೊಂಡು ಮಲಗುತ್ತಿದ್ದೆ.

ಆಸ್ಪತ್ರೆಗೆ ಸೇರುವುದಕ್ಕೆ ಮುಂಚಿನ ಭಾನುವಾರ ಅಮಾವಾಸ್ಯೆ ಬಿತ್ತು. ಅವ್ವ ಮಧ್ಯಾಹ್ನವೇ ಹೊಸ ನಿಂಬೆಹಣ್ಣು ಇಟ್ಟು ಹೋದಳು. ನಾನು ಊಟ ಮಾಡಿ, ಕಟ್ಟಳೆ ಮುರಿದು, ಮಂಚದ ಮೇಲೆ ಅಡ್ಡಾಗಿದ್ದೆ. ಔಷಧಿ ಸೀಸೆಯ ಬಿರಡೆ ಕೈಜಾರಿ ಮಂಚದ ಕೆಳಗೆ ಬಿತ್ತು. ಅದನ್ನು ಹುಡುಕಲು ತಲೆ ಕೆಳಗೆ ಹಾಕಿ ಬಗ್ಗಿದ ಸಮಯಕ್ಕೇ ದೊಡ್ಡಬಳ್ಳಾಪುರದ ಕಡೆಯಿಂದ ಗೂಡ್ಸ್ ಗಾಡಿ ಬಂತು. ಚೊಂಬಿನ ಮೇಲಿನ ಲೋಟ ತಾಳ ಹಾಕತೊಡಗಿತು, ನೆಲ ಸಣ್ಣಗೆ ನಡುಗಿತು. ನಿಂಬೆಹಣ್ಣು ಒಂದು ಸಲ ಅಲುಗಿತು. ಇನ್ನೊಂದು ಸಲ ಅಲುಗಿತು. ಆಮೇಲೆ ಮೆಲ್ಲಗೆ ಮಗ್ಗುಲು ತಿರುಗಿ, ಯಾವ ಅವಸರವೂ ಇಲ್ಲದೆ, ನನ್ನ ಕಣ್ಣೆದುರಿಗೇ ಮಂಚದ ಈ ತುದಿಯಿಂದ ಆ ತುದಿಗೆ ಹೊರಟು ಗೋಡೆ ಮುಟ್ಟಿತು.

"ಸರೋಜಾ!" ಎಂದು ನಾನು ಕೂಗಿದ ಕೂಗಿಗೆ ಅವಳು ರುಬ್ಬುತ್ತಿದ್ದ ಕೈಯಲ್ಲೇ ಓಡಿ ಬಂದಳು. ಹೇಳಿದೆ. ಹಣ್ಣನ್ನು ಎತ್ತಿ ಕಾಲಿನ ಕಡೆ ಇಟ್ಟು ಬೆರಳಿನಿಂದ ಮುಟ್ಟಿದೆನಷ್ಟೆ, ಅದು ಮತ್ತೆ ಹೊರಟಿತು. ಊರೆಲ್ಲ ಹೊಗಳುವ ನನ್ನ ಕಣ್ಣಿಗೆ ಆ ಗಳಿಗೆಯಲ್ಲಿ ಊರಮ್ಮ ಕಂಡಳು, ಮಟ್ಟ ಕಾಣಲಿಲ್ಲ. ಸರೋಜ ಹಣ್ಣನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಚೊಂಬು ತೆಗೆದುಕೊಂಡು ನನ್ನ ಕಾಲಿನ ಕಡೆ ನೆಲದ ಮೇಲೆ ನೀರು ಸುರಿದಳು. ನೀರು ಒಂದು ಕ್ಷಣ ನಿಂತು, ನೇರವಾಗಿ ಮಂಚದ ಉದ್ದಕ್ಕೂ ಹರಿದು, ನನ್ನ ತಲೆಯ ಕೆಳಗಿನ ಮೂಲೆಯಲ್ಲಿ, ನಮ್ಮಪ್ಪ ಇಟ್ಟಿಗೆ ಮೆತ್ತಿಸಿದ್ದ ಹಳೆಯ ತೂತಿನ ಮುಂದೆ ಹೋಗಿ ಮಡುಗಟ್ಟಿತು.

ಸದ್ದಿಗೆ ಬಂದ ಅವ್ವ ಬಾಗಿಲಲ್ಲಿ ನಿಂತಿದ್ದಳು. "ಇನ್ನೆಲ್ಲಿಗ್ ಓಗ್ತದೆ ನೀರು? ಕೊಟ್ಟಿಗೆ ಅಲ್ವೇನೋ? ಗಂಜಲ ಅರಿಯಾಕೆ ನಿಮ್ಮಪ್ಪ ಇಳಿಜಾರಾಗಿ ವಾಟ ಕೊಟ್ಟು ಚಪ್ಪಡಿ ಆಕ್ಸಿದ್ದ" ಎಂದಳು.

"ನಿನಗೆ ಗೊತ್ತಿತ್ತಾ? ಹೇಳ್ಬಾರ್ದಿತ್ತಾ?"

"ಮಟ್ಟ ನೋಡೋನು ನೀನು. ನನ್ನ ಯಾರ್ ಕೇಳಿದ್ರು?"

ನಾನು ಗೋದಲಿಯ ಮೇಲಿನ ಬ್ರೆಡ್ಡಿನ ರಾಶಿಯನ್ನು ತಳ್ಳಿ ದುರ್ಬೀನಿನ ಪೆಟ್ಟಿಗೆ ತೆಗೆದೆ. ಪಾಪ, ಅದು ಇಷ್ಟು ವರ್ಷವೂ ಅದೇ ಕೋಣೆಯಲ್ಲಿ ನನ್ನ ಕಾಲಿನ ಹತ್ತಿರವೇ ಮಲಗಿತ್ತು. ಅಂಗಳದಲ್ಲಿ ಮೂರು ಕಾಲು ಊರಿ, ಬಾಗಿಲಿನ ಮೂಲಕ ಕೋಣೆಯೊಳಕ್ಕೆ ಗುರಿಯಿಟ್ಟೆ. ಸರೋಜ ಸೆರಗು ಸಿಕ್ಕಿಸಿಕೊಂಡು ಅಳತೆಯ ಹಲಗೆ ಹಿಡಿದು ನಿಂತಳು. ಅಭ್ಯಾಸಬಲದಿಂದ ನಾನು ಕೈಯಾಡಿಸಿ, "ಇನ್ನೂ ಎಡಕ್ಕೆ, ಇನ್ನೂ ಎಡಕ್ಕೆ ಹೋಗಯ್ಯ!" ಎಂದು ಕೂಗಿದೆ. "ಎಡಕ್ಕೆ ಗೋಡೆ ಇದೆ ಸ್ವಾಮಿ" ಎಂದಳು. ಆ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ತಲೆಕೆಳಗಾದ ಹೆಂಡತಿ, ತಲೆಕೆಳಗಾದ ಮಂಚ, ತಲೆಕೆಳಗಾದ ದಿಂಬು ಕಂಡವು. ಇಷ್ಟು ವರ್ಷ ನಾನು ಮಲಗಿದ್ದೂ ಹೆಚ್ಚು ಕಡಿಮೆ ಹಾಗೇ ಎಂದು ಲೆಕ್ಕ ಹೇಳಿತು. ಕಾಲಿಗಿಂತ ತಲೆಯ ಕಡೆ ನೆಲ ನಾಲ್ಕು ಬೆರಳು ತಗ್ಗು. ಡಾಕ್ಟರು ಹೇಳಿದ ಇಟ್ಟಿಗೆಯ ದಪ್ಪವೂ ನಾಲ್ಕು ಬೆರಳೇ. ಆ ಇಟ್ಟಿಗೆಗಳು ನನ್ನ ತಲೆಯನ್ನು ಎತ್ತರಕ್ಕೆ ಒಯ್ಯಲಿಲ್ಲ. ತಗ್ಗಿನಲ್ಲಿ ಬಿದ್ದಿದ್ದನ್ನು ಸಮಕ್ಕೆ ತಂದವು, ಅಷ್ಟೆ. ಮಹಾರಾಜನ ಎತ್ತರವೆಂದು ನಾನು ಸುಖಪಟ್ಟದ್ದು ಬರಿಯ ಸಪಾ‌ಟು ನೆಲ.

ಓದಿದ ಅಂಕಿಗಳನ್ನು ಹೇಳಿದಾಗ ಸರೋಜ ಹಲಗೆ ಹಿಡಿದುಕೊಂಡೇ ಕೇಳಿದಳು, "ಹಾಗಾದ್ರೆ ಮದುವೆಯಾದಾಗಿಂದ ಆಗಿದ್ದು ಇದರಿಂದಾನಾ?"

"ಮದುವೆಯಾದಾಗಿಂದ ತಾನೇ ಇಲ್ಲಿ ಮಲಗ್ತಿರೋದು?"

"ನನ್ನ ಅಡುಗೆ ಅಲ್ಲ?"

"ಅಲ್ಲ."

ಅವಳು ನಗುತ್ತಾಳೆ ಎಂದುಕೊಂಡೆ. ಹಲಗೆಯನ್ನು ಗೋಡೆಗೆ ಒರಗಿಸಿ ಮಂಚದ ಅಂಚಿಗೆ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ತಮಾಷೆ ತಮಾಷೆಯಾಗಿಯೇ ಎಷ್ಟು ವರ್ಷದ ಭಾರ ಹೊತ್ತಿದ್ದಳೋ, ಎದುರಿಗೇ ಇದ್ದ ನನಗೆ ಅದೂ ಕಂಡಿರಲಿಲ್ಲ. ನಾನು ದುರ್ಬೀನು ಒರೆಸುತ್ತ ನಿಂತೆ. ಅವ್ವ ಬಾಗಿಲಿನಿಂದ ಒಳಗೆ ಬಂದು, ಸೊಸೆಯ ಪಕ್ಕ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟಳು. "ಸುಮ್ಕಿರು ಮಗಾ. ಅದೇನೋ ನಿಮ್ ತವರ್ ಕಡೆ ಸಾರು ಮಾಡ್ತಿದ್ಯಲ್ಲ, ತೆಂಗಿನಕಾಯಿ ಆಕಿ, ಅದ್ನೇ ಮಾಡು ಇವತ್ತು. ನಂಗೂ ಬಾಯಿ ಕೆಟ್ಟೈತೆ" ಎಂದಳು. ನಮ್ಮ ಅವ್ವ ಯಾರಲ್ಲೂ ತಪ್ಪಾಯಿತು ಎಂದವಳಲ್ಲ, ಅಂದೂ ಅನ್ನಲಿಲ್ಲ. ಸರೋಜಳಿಗೆ ಅಷ್ಟು ಸಾಕಾಯಿತು. ನಿಂಬೆಹಣ್ಣಿನ ವಿಷಯದಲ್ಲಿ ಮಾತ್ರ ಅವ್ವ ಸೋಲಲಿಲ್ಲ. "ವಾಟ ಮೊದ್ಲಿಂದ್ಲೂ ಇತ್ತು, ಸರಿ. ಆಸ್ಪತ್ರೆಗೆ ಓಗೋ ಒತ್ಗೆ ನಿನ್ ಕಣ್ಣಿಗೆ ತೋರ್ಸ್ದೋಳು ಯಾರು?" ಎಂದು ಕೇಳಿದಳು. ನಾನು ದುರ್ಬೀನನ್ನು ಪೆಟ್ಟಿಗೆಯೊಳಗೆ ಇಟ್ಟೆ.

ಅವತ್ತು ಸಂಜೆ ತಲೆಯ ಕಡೆ ಇನ್ನೂ ಎರಡೆರಡು ಇಟ್ಟಿಗೆ ಏರಿಸಿದೆ. ಮಂಚ ಕೆರೆ ಏರಿಯಂತೆ ಇಳಿಜಾರಾಯಿತು. ಬೆಳಗಾಗುವಷ್ಟರಲ್ಲಿ ನಾನು ಜಾರಿ ಕಾಲಿನ ಹಲಗೆಗೆ ಆತು ಮುದುಡಿಕೊಂಡಿದ್ದೆ, ಆದರೆ ಗಂಟಲಿಗೆ ಹುಳಿನೀರು ಬಂದಿರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೆಯ ದಿನ ಕಾಯಿಹಾಲಿನ ಸಾರನ್ನು ಎರಡು ಸಲ ಬಡಿಸಿಕೊಂಡು ಉಂಡೆ, ಒಂದೇ ಒಂದು ತೇಗು ಬಂತು, ಅದೂ ಸಂತೃಪ್ತಿಯದು.

ಗುರುವಾರ ಆಸ್ಪತ್ರೆಗೆ ಹಾಸಿಗೆ ಸುತ್ತಿಕೊಂಡೇ ಹೋದೆ, ಧೈರ್ಯ ಸಾಲದೆ. ಸರೋಜ ಜೊತೆಗೆ ಬಂದಳು. ಸರ್ಜನ್ನರ ಮುಂದೆ ಕೊಟ್ಟಿಗೆ, ವಾಟ, ಇಟ್ಟಿಗೆ, ನಿಂಬೆಹಣ್ಣು ಎಲ್ಲವನ್ನೂ ಹೇಳಿದೆ. ಅವರು ಮೊದಲು ಕತ್ತು ನೆಟ್ಟಗೆ ಮಾಡಿ ಕೇಳುತ್ತಿದ್ದರು. ಹಸುಗಳ ಬಾಲದ ಕಡೆ ನನ್ನ ತಲೆ ಎಂಬಲ್ಲಿಗೆ ಬಂದಾಗ ಮೇಜಿನ ಮೇಲೆ ಕೈಯೂರಿ ನಗತೊಡಗಿದರು. ಪಕ್ಕದಲ್ಲಿದ್ದ ನರ್ಸಮ್ಮನೂ ನಕ್ಕಳು. ಕಣ್ಣೊರೆಸಿಕೊಂಡು, "ಆಪರೇಷನ್ ಸದ್ಯಕ್ಕೆ ಬೇಡ. ಒಂದೆರಡು ತಿಂಗಳು ಹೀಗೇ ಮಲಗಿ ನೋಡೋಣ. ಬಾಗಿಲು ಸಡಿಲವಾಗಿರೋದು ನಿಜ, ಔಷಧಿ ಮಾತ್ರ ಬಿಡಬೇಡಿ" ಎಂದರು. ಸುಣ್ಣ ಕುಡಿಯುವುದು ಇಂದಿಗೂ ತಪ್ಪಿಲ್ಲ, ಹಬ್ಬದ ಮರುದಿನ ತೇಗು ಬಂದು ಕ್ಷೇಮಸಮಾಚಾರ ವಿಚಾರಿಸಿ ಹೋಗುವುದೂ ಉಂಟು. ಆದರೆ ಕೊಯ್ಯುವ ಮಾತು ಅಲ್ಲಿಗೇ ನಿಂತಿತು. ಎದೆಯ ಮೇಲಿಂದ ಚಪ್ಪಡಿ ಇಳಿಸಿದಂತಾಗಿ ಎದ್ದು ನಿಂತೆ.

ಬಾಗಿಲ ಹತ್ತಿರ ಬಂದಾಗ ಸರ್ಜನ್ನರು ಏನೋ ನೆನಪಾದವರಂತೆ ಕರೆದರು. "ಅಂದ ಹಾಗೆ ನಂಜಪ್ಪನವರೇ, ಅಷ್ಟು ವರ್ಷ ಮಲಗಿದ್ರಿ, ನೆಲ ಇಳಿಜಾರಾಗಿದೆ ಅಂತ ಗೊತ್ತಾಗ್ಲೇ ಇಲ್ವೆ? ನೀವು ಏನು ಕೆಲಸ ಮಾಡೋದು?"

ನನ್ನ ಎದೆಯಲ್ಲಿ ಹಳೆಯ ಉರಿ ಒಂದು ಸಲ ಮೇಲೆದ್ದು ಗಂಟಲಿಗೆ ಬಂತು. ಸರೋಜ, "ಇವ್ರು..." ಎಂದು ಬಾಯಿ ತೆರೆದಳು. ನಾನು ಮೆಲ್ಲಗೆ ಅವಳ ಕಾಲು ತುಳಿದೆ.

"ಗುಮಾಸ್ತ ಸಾರ್" ಎಂದೆ.

ಬಸ್ಸಿನಲ್ಲಿ ಹಾಸಿಗೆ ಸುತ್ತನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತೆ. ಹೆಬ್ಬಾಳದ ಏರಿ ಬಂತು. ಆ ಏರಿಯ ಮಟ್ಟವನ್ನೂ ಒಂದು ಕಾಲದಲ್ಲಿ ನಾನೇ ನೋಡಿದ್ದೆ, ಆದರೆ ಅವತ್ತು ಅದನ್ನು ತೋರಿಸಿ ಹೇಳಿಕೊಳ್ಳಲು ಮನಸ್ಸಾಗಲಿಲ್ಲ. ಸರೋಜ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತಿದ್ದಳು. ಅತ್ತಿದ್ದ ದಿನವೂ ಹೀಗೇ ಮುಚ್ಚಿಕೊಂಡಿದ್ದಳಲ್ಲ ಎಂದು ನಾನು ಗಾಬರಿಯಿಂದ ಬಗ್ಗಿ ನೋಡಿದೆ. ಅವಳ ಭುಜಗಳು ಕುಲುಕುತ್ತಿದ್ದವು. ಕಂಡಕ್ಟರ್ ಸೀಟಿ ಊದಿದ. ಅವಳು ಕಣ್ಣೊರೆಸಿಕೊಂಡು, ಹಾಸಿಗೆ ಸುತ್ತನ್ನು ನನ್ನ ತೊಡೆಯಿಂದ ಎತ್ತಿಕೊಂಡು ಎದ್ದು ನಿಂತಳು.

"ಗುಮಾಸ್ತರೇ, ಯಲಹಂಕ ಬಂತು. ಇಳೀರಿ, ಮೆಟ್ಟಿಲು ತಗ್ಗಿದೆ, ನೋಡ್ಕೊಂಡು."